ಹೋಂಡಾ ಸಿಟಿ, ಹ್ಯುಂಡೈ ಐ20 ಎನ್ ಲೈನ್ ಬಿಟ್ಟು ವರ್ಟಸ್ ಕಾರು ಯಾಕೆ ತಗೊಂಡೆ

ಮೊದಲೇ ಹೇಳಿಬಿಡುತ್ತೇನೆ. ನಾನು ತಗೊಂಡಿದ್ದು ಫೋಕ್ಸ್‌ವ್ಯಾಗನ್ ವರ್ಟಸ್. 1.0 ಲೀಟರ್ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬಿ ಬಲ ಹೆಚ್ಚಿಸುವ ಸಾಧನ) ಪೆಟ್ರೋಲ್, ಮ್ಯಾನುಯಲ್ ಗೇರ್. 2024ರ ಗೌರಿ ಹಬ್ಬದ ವಾರ ಮನೆಗೆ ಬಂತು. ಇವತ್ತಿಗೂ ಬೆಳಿಗ್ಗೆ ಕೀ ಕೈಗೆ ಬಂದರೆ ಖುಷಿಯಾಗುತ್ತದೆ. ಹಾಗಾಗಿ ಮೂರೂ ಕಾರನ್ನು ಒಂದೇ ಸಮ ತೂಗುತ್ತೇನೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಮೂರು ವರ್ಷ ತಪ್ಪು ಕಾರು ಓಡಿಸಿ, ಆಮೇಲೆ ಸರಿಯಾದದ್ದು ಸಿಕ್ಕಿದವನು ಬರೆದದ್ದು ಇದು.

ಆ ತಪ್ಪು ಕಾರಿನ ಕಥೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. 2021ರಲ್ಲಿ ಒಂದು ಚಿಕ್ಕ ಎಸ್‌ಯುವಿ ತಗೊಂಡೆವು. ಹೆಸರು ಬೇಡ. ಎತ್ತರ ಇತ್ತು, ದೊಡ್ಡ ಸ್ಕ್ರೀನ್ ಇತ್ತು, ಮೈಲೇಜ್ ಕೊಡುತ್ತದೆ ಅಂದರು. ಕ್ಲಚ್ ಪೆಡಲ್ ಇಲ್ಲದ, ತಾನೇ ಗೇರ್ ಬದಲಿಸುವ ಎಎಂಟಿ. ಟೆಸ್ಟ್ ಡ್ರೈವ್ ಅಂದರೆ ಶೋರೂಂ ಮುಂದಿನ ನೇರ ರಸ್ತೆಯಲ್ಲಿ ಮೂರು ಕಿಲೋಮೀಟರ್ ಹೋಗಿ ಬಂದದ್ದು, ಅಷ್ಟೇ.

ಮೊದಲ ಶನಿವಾರ ತುಮಕೂರಿನ ಹತ್ತಿರದ ದೇವರಾಯನದುರ್ಗ ಬೆಟ್ಟಕ್ಕೆ ಹೋದೆವು. ಅಮ್ಮನಿಗೆ ಮೇಲಿನ ಯೋಗಾ ನರಸಿಂಹನ ದರ್ಶನ ಆಗಲೇಬೇಕು. ನಾಮದ ಚಿಲುಮೆ ದಾಟಿ ಏರು ಶುರುವಾಯಿತು. ತಿರುವಿನ ಮಧ್ಯದಲ್ಲಿ ಗೇರ್ ತಾನಾಗೇ ಮೇಲಕ್ಕೆ ಹೋಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಒಂದು ಕ್ಷಣ ಸುಮ್ನೆ ನಿಲ್ಲುತ್ತಿತ್ತು. ಆಮೇಲೆ ಜಗ್ಗುತ್ತಿತ್ತು. ಎಲ್ಲರ ತಲೆಯೂ ಒಟ್ಟಿಗೆ ಮುಂದೆ ಹಿಂದೆ ಆಡುತ್ತಿತ್ತು. ಬಾಡಿ ಎಡಕ್ಕೆ ವಾಲಿ, ಮತ್ತೆ ಬಲಕ್ಕೆ ವಾಲಿ, ತಿರುವು ಮುಗಿದ ಮೇಲೂ ತೂಗುತ್ತಿತ್ತು. ಆಗ ಮಗಳಿಗೆ ಐದು ವರ್ಷ. ಕೆಳಗಿನ ಭೋಗಾ ನರಸಿಂಹನ ಗುಡಿ ತಲುಪುವ ಮೊದಲೇ ವಾಂತಿ ಮಾಡಿಕೊಂಡಳು. ಆಮೇಲೆ ಮೂರು ವರ್ಷವೂ ದುರ್ಗ ಅಂದರೆ ಅವಳು ಬರುವುದಿಲ್ಲ ಅಂತಿದ್ದಳು.

ಆ ಮೂರು ವರ್ಷದಲ್ಲಿ ನನಗೆ ಒಂದು ವಿಷಯ ಗೊತ್ತಾಯಿತು. ಓಡಿಸುವವನ ಖುಷಿ ಬೇರೆ, ಮನೆಯವರ ಸುಖ ಬೇರೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅವೆರಡೂ ಒಂದೇ ಕಡೆಯಿಂದ ಬರುವುದು ಕಾಣಿಸಿತು. ಸ್ಟೀರಿಂಗ್ ಎಷ್ಟು ತಿರುಗಿಸಿದರೆ ಕಾರು ಅಷ್ಟೇ ತಿರುಗಬೇಕು. ವಾಲಬಾರದು. ನಾನು ಕೇಳಿದಾಗ ಎಳೆಯಬೇಕು, ಕೇಳದಿದ್ದಾಗ ಜಗ್ಗಬಾರದು. ಹಾಗಿದ್ದರೆ ನನಗೂ ಖುಷಿ, ಹಿಂದೆ ಕೂತ ಮಗುವಿನ ಹೊಟ್ಟೆಗೂ ನೆಮ್ಮದಿ. ಹಿಂದಿನ ಸೀಟಿನ ಮಗುವಿಗೆ ಮುಂದಿನ ರಸ್ತೆ ಕಾಣುವುದಿಲ್ಲ, ಎದುರಿಗೆ ಸೀಟಿನ ಬೆನ್ನು ಮಾತ್ರ. ಕಣ್ಣಿಗೆ ಕಾಣದ ಅಲುಗಾಟ ಹೊಟ್ಟೆಗೆ ಗೊತ್ತಾಗುತ್ತದೆ, ಅಲ್ವಾ?

ಎರಡನೇ ಸಲ ಹುಡುಕುವಾಗ ಶೋರೂಂ ರಸ್ತೆಯನ್ನು ನಂಬಲಿಲ್ಲ. ಗೊತ್ತಿದ್ದವರ ಕಾರು ಕೇಳಿ ಪಡೆದು ದುರ್ಗ ಹತ್ತಿಸಿ ನೋಡಿದೆ. ವರ್ಟಸ್ ಮಾತ್ರ ಶೋರೂಂನವರದ್ದು. ಪಾಪ, ಕೇಳಿದ್ದಕ್ಕೆ ಒಂದು ಭಾನುವಾರ ಬೆಳಿಗ್ಗೆ ಬೆಟ್ಟದವರೆಗೂ ಬಿಟ್ಟರು.

ಮೊದಲು ಹ್ಯುಂಡೈ ಐ20 ಎನ್ ಲೈನ್. ಹೆಂಡತಿಯ ತಮ್ಮನದ್ದು, ಹತ್ತು ದಿನ ನನ್ನ ಹತ್ತಿರ ಇತ್ತು. 120 ಪಿಎಸ್ ಶಕ್ತಿಯ ಟರ್ಬೊ ಎಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, 2023ರಿಂದ ಸರಿಯಾದ 6 ಗೇರಿನ ಮ್ಯಾನುಯಲ್. ಒಬ್ಬನೇ ಹೋದರೆ ಈ ಮೂರರಲ್ಲಿ ಇದೇ ಹೆಚ್ಚು ಮಜಾ. ಪುಟ್ಟದು, ಚುರುಕು, ಸೈಲೆನ್ಸರ್ ಸದ್ದು ಕೂಡ ಚೆಂದ. ವಸಂತನರಸಾಪುರಕ್ಕೆ ಡ್ಯೂಟಿಗೆ ಹೋಗುವಾಗ ಬೇಕೆಂದೇ ಸುತ್ತು ದಾರಿ ಹಿಡಿದಿದ್ದೇನೆ. ಆದರೆ ಸಸ್ಪೆನ್ಷನ್ ಬಿಗಿ. ಅಮ್ಮ ಎರಡನೇ ದಿನವೇ ಬೆನ್ನು ಹಿಡಿದುಕೊಂಡರು. ಡಿಕ್ಕಿ 311 ಲೀಟರ್. ನಮ್ಮ ಸಾಮಾನಿಗೆ ಅದು ಸಾಲದು. ಅಮ್ಮ ನಮ್ಮ ಜೊತೆ ಇರದಿದ್ದರೆ ಕಣ್ಣು ಮುಚ್ಚಿ ಇದನ್ನೇ ತರುತ್ತಿದ್ದೆ.

ದುಡ್ಡಿನ ಲೆಕ್ಕದಲ್ಲೂ ಇದೇ ಮುಂದೆ. ನಮ್ಮ ರಾಜ್ಯದಲ್ಲಿ 5 ಲಕ್ಷದಿಂದ 10 ಲಕ್ಷದವರೆಗಿನ ಕಾರಿಗೆ ರಸ್ತೆ ತೆರಿಗೆ ಶೇ. 14. ಹತ್ತು ದಾಟಿದರೆ ಶೇ. 17, ಎರಡಕ್ಕೂ ಅದರ ಮೇಲೆ ಸೆಸ್ ಬೇರೆ. 2023ರಲ್ಲಿ ಎನ್ ಲೈನ್‌ನ ಮೊದಲ ಮಾಡೆಲ್ 9.99 ಲಕ್ಷಕ್ಕೆ ಬಂದಿತ್ತು, ಆ ಗೆರೆಯ ಕೆಳಗೆ. ಈಗ ಕೊಳ್ಳುವವರಿಗೆ ಅಂತರ ಇನ್ನೂ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇ. 18. ಐ20 ಉದ್ದ 3995 ಮಿ.ಮೀ., ಹಾಗಾಗಿ ಅದು ಇಲ್ಲಿಗೆ ಬರುತ್ತದೆ. ವರ್ಟಸ್ ಎಂಜಿನ್ ಕೂಡ 999 ಸಿಸಿಯೇ. ಆದರೆ ಕಾರು ನಾಲ್ಕೂವರೆ ಮೀಟರ್ ಉದ್ದ, ಅದಕ್ಕೆ ಶೇ. 40. ಬಜೆಟ್ ಬಿಗಿ ಇದ್ದವರು ಇದನ್ನು ನೋಡಿಯೇ ನಿರ್ಧಾರ ಮಾಡಬೇಕು.

ಎರಡನೆಯದು ಹೋಂಡಾ ಸಿಟಿ. ಸಹೋದ್ಯೋಗಿಯದ್ದು, ಎರಡು ಭಾನುವಾರ ಕೊಟ್ಟರು. ಹಿಂದಿನ ಸೀಟು ಮೂರರಲ್ಲಿ ಇದರದ್ದೇ ಚೆನ್ನ. ಅಮ್ಮ "ಇದನ್ನೇ ತಗೊಳ್ಳೋ" ಅಂದರು. ನಾಲ್ಕು ಸಿಲಿಂಡರಿನ ಎಂಜಿನ್ ಬೆಣ್ಣೆಯ ಹಾಗೆ. ನಿಂತಾಗ ಆಫ್ ಆಗಿದೆಯೋ ಏನೋ ಅನ್ನಿಸುತ್ತದೆ.

ಹಾಗಾದರೆ ಯಾಕೆ ಬಿಟ್ಟೆ? ಅದು ನನ್ನ ಅಭ್ಯಾಸದ ಪ್ರಶ್ನೆ. ಸಿಟಿಗೆ ಟರ್ಬೊ ಇಲ್ಲ. 121 ಪಿಎಸ್ ಪೂರ್ತಿ ಸಿಗುವುದು ಎಂಜಿನ್ 6600 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ತಿರುಗುವಾಗ. ಟಾರ್ಕ್, ಅಂದರೆ ಎಳೆಯುವ ಬಲ, 145 ಎನ್‌ಎಂ, ಅದೂ 4300ರಲ್ಲಿ. ಕೂಗಿಸಿದರೆ ಹಾಡುವ ಎಂಜಿನ್ ಅದು, ನಿಜಕ್ಕೂ ಚೆಂದ. ಆದರೆ ಅಮ್ಮ, ಮಗಳನ್ನು ಕೂರಿಸಿಕೊಂಡು ನಾನು ಎಂಜಿನ್ ಕೂಗಿಸುವುದಿಲ್ಲ. ವರ್ಟಸ್‌ನ 178 ಎನ್‌ಎಂ 1750 ಆರ್‌ಪಿಎಂಗೇ ಬಂದುಬಿಡುತ್ತದೆ. ಗುಬ್ಬಿ ದಾರಿಯಲ್ಲಿ ಕೊಬ್ಬರಿ ಲಾರಿ ದಾಟಬೇಕಾದರೆ ಮೂರನೇ ಗೇರಿನಲ್ಲೇ ಕಾಲು ಸ್ವಲ್ಪ ಒತ್ತಿದರೆ ಸಾಕು, ಸದ್ದಿಲ್ಲದೆ ದಾಟುತ್ತದೆ. ಹಿಂದೆ ಮಲಗಿದವರು ಏಳುವುದಿಲ್ಲ. ಮನೆಯವರ ಜೊತೆ ಇರುವಾಗಲೂ ಸಿಗುವ ಖುಷಿ ನನಗೆ ಬೇಕಿತ್ತು. ಸಿಟಿಯ ಖುಷಿ ನಾನು ಒಬ್ಬನೇ ಇದ್ದಾಗ ಮಾತ್ರ ಕೈಗೆ ಸಿಗುತ್ತಿತ್ತು.

ದುರ್ಗದ ರಸ್ತೆಯಲ್ಲಿ ವರ್ಟಸ್ ಹತ್ತಿಸಿದ ಬೆಳಿಗ್ಗೆ ಮಗಳನ್ನು ಹೇಗೋ ಒಪ್ಪಿಸಿ ಕರೆದುಕೊಂಡು ಹೋಗಿದ್ದೆ. ಎರಡನೇ ಗೇರ್, ನಲವತ್ತರ ಸ್ಪೀಡು. ಸ್ಟೀರಿಂಗ್ ಒಂದು ಸಲ ತಿರುಗಿಸಿ ಹಿಡಿದರೆ ತಿರುವು ಮುಗಿಯುವವರೆಗೆ ಮತ್ತೆ ಸರಿಮಾಡಬೇಕಿಲ್ಲ. ಕಾರು ಒಂದು ಕಡೆ ಒರಗಿ ಅಲ್ಲೇ ನಿಲ್ಲುತ್ತದೆ, ತೂಗುವುದಿಲ್ಲ. ಮೇಲೆ ಹೋಗಿ ಇಳಿದಾಗ ಮಗಳು ಕೇಳಿದ್ದು ಒಂದೇ, "ಕೋತಿಗೆ ಬಾಳೆಹಣ್ಣು ತಂದಿದೀಯಾ?" ಅವತ್ತೇ ಅಡ್ವಾನ್ಸ್ ಕೊಟ್ಟೆ.

ಮಕ್ಕಳು ಕೂರುವ ಕಾರು ಅಂದ ಮೇಲೆ ಇದನ್ನೂ ಹೇಳಬೇಕು. 2023ರಲ್ಲಿ, ಕಾರು ಗುದ್ದಿಸಿ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವರ್ಟಸ್‌ಗೆ ದೊಡ್ಡವರ ರಕ್ಷಣೆಗೂ ಮಕ್ಕಳ ರಕ್ಷಣೆಗೂ 5 ಸ್ಟಾರ್ ಸಿಕ್ಕಿದೆ.

ಈಗ ತಲೆನೋವಿನ ವಿಷಯ. ಹಂಪ್.

ನಮ್ಮೂರು ಚಿಕ್ಕನಾಯಕನಹಳ್ಳಿ ಕಡೆ. ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ ತಿರುಗಿ, ಆಮೇಲೆ ಇನ್ನೊಂದು ಚಿಕ್ಕ ರಸ್ತೆ ಹಿಡಿಯಬೇಕು. ಆ ರಸ್ತೆಯಲ್ಲಿ ಶಾಲೆ ಮುಂದೆ ಒಂದು ಹಂಪ್ ಇದೆ. ಬೈಕಿಗೆ ಸಿಕ್ಕಿ ಒಂದು ಮಗುವಿಗೆ ಪೆಟ್ಟಾದ ಮೇಲೆ ಊರಿನವರೇ ಸೇರಿ ಹಾಕಿದ್ದು. ಹಾಕಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಅದರ ಆಕಾರ ನೋಡಬೇಕು. ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಂದರೆ ಆಮೆಯ ಬೆನ್ನಿನ ಹಾಗೆ ನಿಧಾನ ಏರಿ ನಿಧಾನ ಇಳಿಯಬೇಕು. ನಮ್ಮೂರಿನದ್ದು ಒಂದು ಮೊಳ ಅಗಲ ಇದ್ದರೆ ಹೆಚ್ಚು, ಎತ್ತರ ಮಾತ್ರ ಗೇಣಿಗೆ ಹತ್ತಿರ. ಗದ್ದೆ ಬದು ರಸ್ತೆ ಮೇಲೆ ಕೂತ ಹಾಗಿದೆ.

ಕಾರು ಬಂದ ಮೇಲೆ ಮೊದಲ ಸಲ ಊರಿಗೆ ಹೋಗಿ ವಾಪಸ್ ಬರುವಾಗ ನಾಲ್ಕು ಜನ ದೊಡ್ಡವರು, ಮಗಳು, ಡಿಕ್ಕಿಯಲ್ಲಿ ಎರಡು ಮೂಟೆ ತೆಂಗಿನಕಾಯಿ, ಒಂದು ಚೀಲ ರಾಗಿ. 521 ಲೀಟರಿನ ಡಿಕ್ಕಿ ಎಲ್ಲವನ್ನೂ ನುಂಗಿತು. ಹಂಪ್ ಮೇಲೆ ಮುಂದಿನ ಚಕ್ರ ಇಳಿಯಿತು. ಆಮೇಲೆ ಅಡಿಯಿಂದ 'ಕರ್‌ರ್' ಅಂತ ಉದ್ದಕ್ಕೆ ಒಂದು ಸದ್ದು. ಎದೆ ಧಸಕ್ಕೆಂದಿತು. ಇಳಿದು ಬಗ್ಗಿ ನೋಡಿದೆ. ಅಡಿ ತಟ್ಟೆಗೆ ಗೀರು ಬಿದ್ದಿತ್ತು, ಬೇರೆ ಏನೂ ಆಗಿರಲಿಲ್ಲ. ಆದರೂ ಹೊಸ ಕಾರು. ತುಮಕೂರು ಬರುವವರೆಗೆ ನಾನು ಮಾತಾಡಲಿಲ್ಲ.

ಆಮೇಲೆ ಕೂತು ಯೋಚಿಸಿದೆ. ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಕಾರಿನ ಅಡಿಯವರೆಗಿನ ಎತ್ತರ) ಒಂದೇ ನೋಡಿದರೆ ವರ್ಟಸ್ ಕಡಿಮೆ ಏನಲ್ಲ, 179 ಮಿ.ಮೀ. ಸಿಟಿ 165. ಆದರೆ ಆ ಅಂಕಿ ಖಾಲಿ ಕಾರಿನದ್ದು. ಐದು ಜನ ಕೂತು ಕ್ವಿಂಟಲ್ ಭಾರ ಹಾಕಿದರೆ ಸ್ಪ್ರಿಂಗ್ ಕುಗ್ಗುತ್ತದೆ, ಅದರಲ್ಲೂ ಹಿಂದಿನದ್ದು. ಎರಡನೆಯದು, ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ. ವರ್ಟಸ್‌ನಲ್ಲಿ ಅದು 2651 ಮಿ.ಮೀ., ಸಿಟಿಯಲ್ಲಿ 2600, ಐ20ಯಲ್ಲಿ 2580. ಮುಂದಿನ ಚಕ್ರ ಹಂಪ್ ಇಳಿದು ಹಿಂದಿನದು ಇನ್ನೂ ಹತ್ತದೆ ಇರುವಾಗ ಹಂಪ್ ತಲೆ ಸರಿಯಾಗಿ ಕಾರಿನ ಹೊಟ್ಟೆ ಕೆಳಗೆ ಇರುತ್ತದೆ. ಅಂತರ ಉದ್ದ ಇದ್ದಷ್ಟೂ ಹೊಟ್ಟೆಗೆ ತಾಗುವ ಸಾಧ್ಯತೆ ಜಾಸ್ತಿ. ಇದೇ ಉದ್ದ ಹೈವೇಯಲ್ಲಿ ಕಾರನ್ನು ನೆಟ್ಟಗೆ ಹಿಡಿಯುತ್ತದೆ.

ಒಬ್ಬ ಮೆಕ್ಯಾನಿಕ್ ಸ್ಪ್ರಿಂಗ್ ಸುರುಳಿ ನಡುವೆ ರಬ್ಬರ್ ತುಂಡು ಸೇರಿಸಿ ಎತ್ತರ ಮಾಡಿಕೊಡುತ್ತೇನೆ ಅಂದರು. ಬೇಡ ಅಂದೆ. ಸಸ್ಪೆನ್ಷನ್ ಚೆನ್ನಾಗಿದೆ ಅಂತಲೇ ಈ ಕಾರು ತಗೊಂಡದ್ದು, ಅದನ್ನೇ ಕೆಡಿಸಿದರೆ ಏನು ಉಳಿಯುತ್ತದೆ?

ಈಗ ಹೀಗೆ ಮಾಡುತ್ತೇನೆ. ಊರಿಗೆ ಹೊರಡುವ ಮೊದಲು ಕಂಪನಿ ಹೇಳಿದ ಪೂರ್ತಿ ಲೋಡಿನ ಲೆಕ್ಕಕ್ಕೆ ಟೈರಿಗೆ ಗಾಳಿ ಹಾಕಿಸುತ್ತೇನೆ. ಮೂಟೆಗಳನ್ನು ಡಿಕ್ಕಿಯ ತುದಿಗೆ ಇಡದೆ ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಡುತ್ತೇನೆ. ಹಂಪ್ ಬಂದಾಗ ರಸ್ತೆ ಖಾಲಿ ಇದ್ದರೆ ಕಾರನ್ನು ಓರೆಯಾಗಿ ತರುತ್ತೇನೆ, ಒಂದೊಂದೇ ಚಕ್ರ ಹತ್ತಿ ಇಳಿಯುವ ಹಾಗೆ. ಹಾಗೆ ಬಂದರೆ ಹೊಟ್ಟೆ ತಾಗುವ ಸಾಧ್ಯತೆ ಕಡಿಮೆ. ತಮ್ಮ ಮೊದಲೇ ಇಳಿದು ಆ ಕಡೆ ನಿಂತು ಕೈ ತೋರಿಸುತ್ತಾನೆ. ಕಾಲು ಬ್ರೇಕ್ ಮೇಲೆ ಇಟ್ಟುಕೊಂಡೇ ಹಂಪ್ ದಾಟಬಾರದು. ಬ್ರೇಕ್ ಒತ್ತಿದಷ್ಟೂ ಮೂತಿ ತಗ್ಗುತ್ತದೆ. ಹಂಪ್‌ಗೆ ಮುಂಚೆಯೇ ನಿಧಾನ ಮಾಡಿ, ಬಿಟ್ಟು ದಾಟಬೇಕು. ಇದನ್ನೆಲ್ಲ ಮಾಡಿದ ಮೇಲೆ ಈ ವರ್ಷ ಒಂದೇ ಸಲ ತಾಗಿದೆ, ಅದೂ ರಾತ್ರಿ ಮಳೆಯಲ್ಲಿ.

ಹಳೆಯ ಎಸ್‌ಯುವಿ ಈ ಹಂಪ್ ಮೇಲೆ ಒಂದು ಸಲವೂ ತಾಗಿರಲಿಲ್ಲ. ಅದನ್ನು ಹೇಳದೆ ಬಿಟ್ಟರೆ ಅನ್ಯಾಯ. ಎತ್ತರ ಬಿಟ್ಟುಕೊಟ್ಟು ತಿರುವು ಪಡೆದೆ. ವರ್ಷದಲ್ಲಿ ಹದಿನೈದು ಸಲ ಊರು. ಉಳಿದ ಮುನ್ನೂರೈವತ್ತು ದಿನ ನಾನು ಓಡಿಸುವುದು ಹೈವೇಯಲ್ಲಿ ಮತ್ತು ಬಿ.ಎಚ್. ರಸ್ತೆಯಲ್ಲಿ. ನನ್ನ ಲೆಕ್ಕ ಅಷ್ಟೇ.

ಉಳಿದದ್ದು ಬೇಗ ಮುಗಿಸುತ್ತೇನೆ. ಮೈಲೇಜ್ ಊರೊಳಗೆ 11–12, ಹೈವೇಯಲ್ಲಿ 18. ಮೂರು ಸಿಲಿಂಡರ್ ಆದ್ದರಿಂದ ಸ್ಟಾರ್ಟ್ ಮಾಡಿದಾಗ ಸ್ವಲ್ಪ ನಡುಕ ಇದೆ, ಸಿಟಿಯ ನಯ ಇಲ್ಲ. 1750 ಆರ್‌ಪಿಎಂ ಕೆಳಗೆ ಎಂಜಿನ್ ಮಂಕು, ಗೇರ್ ಇಳಿಸಲು ಸೋಮಾರಿತನ ಮಾಡಬಾರದು. ಹಿಂದೆ ಮೂರು ಜನ ದೊಡ್ಡವರಿಗೆ ಭುಜ ತಾಗುತ್ತದೆ. ಸೀಟು ತಗ್ಗು. ಅಮ್ಮನ ಮಂಡಿಗೆ ಕಷ್ಟ ಆಗುತ್ತಿತ್ತು, ಗಟ್ಟಿ ಹತ್ತಿಯ ಒಂದು ದಿಂಬು ಹೊಲಿಸಿ ಹಾಕಿದ ಮೇಲೆ ತಕರಾರಿಲ್ಲ. ಸ್ಕೋಡಾ ಸ್ಲಾವಿಯಾ ಯಾಕೆ ನೋಡಲಿಲ್ಲ ಅಂತ ತುಂಬಾ ಜನ ಕೇಳಿದರು. ಎರಡಕ್ಕೂ ಅಡಿಪಾಯ ಒಂದೇ, ಎಂಜಿನ್ ಒಂದೇ, ತಯಾರಾಗುವುದೂ ಪುಣೆ ಹತ್ತಿರದ ಚಾಕಣ್‌ನಲ್ಲೇ. ಹೆಂಡತಿಗೆ ಇದರ ಕೆಂಪು ಬಣ್ಣ ಹಿಡಿಸಿತು. 150 ಪಿಎಸ್‌ನ 1.5 ಲೀಟರ್ ಎಂಜಿನ್ ನನ್ನ ಬಜೆಟ್‌ಗೆ ದೂರ. ಆನ್ ರೋಡ್ 15 ಲಕ್ಷ ದಾಟಬಾರದು ಅಂತ ಗೆರೆ ಹಾಕಿಕೊಂಡಿದ್ದೆ. ಅದಕ್ಕೇ ಕಡಿಮೆ ಫೀಚರಿನ ಮೊದಲ ಮಾಡೆಲ್ ತಗೊಂಡೆ. ಎಂಜಿನ್, ಸಸ್ಪೆನ್ಷನ್‌ಗೆ ದುಡ್ಡು ಹೋಗಲಿ, ಸನ್‌ರೂಫ್‌ಗೆ ಬೇಡ ಅಂತ.

ನೆಲಮಂಗಲದ ಟ್ರಾಫಿಕ್‌ನಲ್ಲಿ ಕ್ಲಚ್ ಒತ್ತಿ ಒತ್ತಿ ಎಡಗಾಲು ನೋಯುತ್ತದೆ, ನಿಜ. ನಾನು ವಾರಕ್ಕೊಮ್ಮೆ ಮಾತ್ರ ಬೆಂಗಳೂರಿಗೆ ಹೋಗುವುದು, ತಡೆದುಕೊಳ್ಳುತ್ತೇನೆ. ದಿನಾ ಹೋಗುವವರು ಇದೇ ಕಾರಿನ 6 ಗೇರಿನ ಟಾರ್ಕ್ ಕನ್ವರ್ಟರ್ (ಎಎಂಟಿಗಿಂತ ನಯವಾದ) ಆಟೋಮ್ಯಾಟಿಕ್ ಓಡಿಸಿ ನೋಡಲಿ. ಹಿಂದಿನ ಸೀಟೇ ಮುಖ್ಯ, ಹೆಚ್ಚಾಗಿ ಹಿರಿಯರೇ ಕೂರುತ್ತಾರೆ ಅಂದರೆ ಸಿಟಿ. ಇಬ್ಬರೇ ಇದ್ದೀರಿ, ಸಾಮಾನು ಕಡಿಮೆ, ದುಡ್ಡು ಉಳಿಸಬೇಕು ಅಂದರೆ ಎನ್ ಲೈನ್. ವಾರಕ್ಕೆ ಎರಡು ಸಲ ತೋಟಕ್ಕೆ ಹೋಗಬೇಕು, ದಾರಿ ನಮ್ಮೂರಿನ ಹಾಗಿದೆ ಅಂದರೆ ಮೂರನ್ನೂ ಬಿಡಿ, 200 ಮಿ.ಮೀ. ಎತ್ತರದ ಕಾರನ್ನೇ ನೋಡಿ. ಆದರೆ ಅಡ್ವಾನ್ಸ್ ಕೊಡುವ ಮೊದಲು ಮಗುವನ್ನು ಹಿಂದೆ ಕೂರಿಸಿಕೊಂಡು ಒಂದು ಸಲ ದುರ್ಗ ಹತ್ತಿಸಿ. ಬೆಳಿಗ್ಗೆ ಏಳಕ್ಕೆ ಹೋದರೆ ರಸ್ತೆ ಖಾಲಿ ಇರುತ್ತದೆ, ವಾಪಸ್ ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬಿಸಿ ಇರುತ್ತದೆ.