ಕ್ರೇನ್ ಫೋಟೋಗೆ ಸೈಟ್ ಒಳಗೆ ಬಿಡಿಸ್ತೀನಿ ಅನ್ನುವವರಿಗೆ ದುಡ್ಡು ಕೊಡಬೇಡಿ

ಮುಂಬೈಯಲ್ಲಿ ಕ್ಯಾಮೆರಾ ಹಿಡಿದು ಓಡಾಡುವ ಕನ್ನಡಿಗರು ದಯವಿಟ್ಟು ಇದನ್ನು ಪೂರ್ತಿ ಓದಿ. ಲೋವರ್ ಪರೇಲ್ ಕಡೆ ಟವರ್ ಕ್ರೇನ್‌ಗಳ ಫೋಟೋ ತೆಗೆಯುತ್ತಾ ನಿಂತವರ ಹತ್ತಿರ ಒಬ್ಬ ಮನುಷ್ಯ ಬರುತ್ತಾನೆ. "ಒಳಗೆ ಪರ್ಮಿಷನ್ ಕೊಡಿಸ್ತೀನಿ" ಅನ್ನುತ್ತಾನೆ. ಕನ್ನಡದಲ್ಲೇ ಮಾತಾಡುತ್ತಾನೆ. ನನ್ನಿಂದ ಮೂರು ಸಾವಿರ ರೂಪಾಯಿ ತಗೊಂಡ. ಕಾರ್ಡ್ ತುಂಬ ಇದ್ದ ಫೋಟೋಗಳೂ ಹೋದವು. ಇದೆಲ್ಲ ಸಹಿಸಬಹುದು. ಆದರೆ ತಲೆ ಮೇಲೆ ಕಬ್ಬಿಣ ಹಾಯುವ ಜಾಗದಲ್ಲಿ ನನ್ನನ್ನು ನಿಲ್ಲಿಸಿ ಹೊರಟುಹೋದನಲ್ಲ, ಅದನ್ನು ಮಾತ್ರ ಮರೆಯೋಕೆ ಆಗುತ್ತಿಲ್ಲ.

ಆ ಕಡೆ ಕ್ರೇನ್ ನೋಡೋಕೆ ಯಾಕೆ ಹೋಗ್ತೀರಿ ಅಂತ ಕೇಳುವವರಿಗೆ ಒಂದು ಮಾತು. ಅದು ಹಳೆಯ ಗಿರಣಗಾಂವ್, ಅಂದರೆ ಗಿರಣಿಗಳ ಊರು. 1982ರ ಮುಷ್ಕರದ ನಂತರ ಬಟ್ಟೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆ ಜಾಗಗಳಲ್ಲೇ ಈಗ ಗೋಪುರದಂಥ ಕಟ್ಟಡಗಳು ಏಳುತ್ತಿವೆ. ಜಾಗ ಇಕ್ಕಟ್ಟು, ಪಕ್ಕದಲ್ಲೇ ಚಾಳ್, ರಸ್ತೆ, ರೈಲ್ವೆ ಹಳಿ. ಹಾಗಾಗಿ ಅಲ್ಲಿ ಲಫಿಂಗ್ ಕ್ರೇನ್‌ಗಳನ್ನು ನೋಡಬಹುದು. ಅಡ್ಡ ಚಾಚಿದ ತೋಳಿನ ಮಾಮೂಲಿ ಕ್ರೇನ್ ತಿರುಗಿದರೆ ಪಕ್ಕದವರ ತಲೆ ಮೇಲೆ ಹೋಗುತ್ತದೆ. ಲಫಿಂಗ್ ಕ್ರೇನ್ ತನ್ನ ಜಿಬ್ಬನ್ನು, ಅಂದರೆ ಉದ್ದ ತೋಳನ್ನು, ಗಾಳದ ಕೋಲಿನ ಹಾಗೆ ಮೇಲಕ್ಕೆತ್ತಿಕೊಂಡು ಚಿಕ್ಕ ಸುತ್ತಿನಲ್ಲೇ ತಿರುಗುತ್ತದೆ. ಸಂಜೆ ಬೆಳಕಿನಲ್ಲಿ ಆ ಜಿಬ್ ನಿಧಾನವಾಗಿ ಏಳುವುದನ್ನು ಒಮ್ಮೆ ನೋಡಿದರೆ ಬಿಡೋಕೆ ಮನಸ್ಸಾಗಲ್ಲ. ನಮ್ಮ ಈ ಆಸೆ ಆ ಮೋಸಗಾರನಿಗೆ ಚೆನ್ನಾಗಿ ಗೊತ್ತಿದೆ.

ನಾನು ರಸ್ತೆಯ ಈಚೆ ಬದಿಯಲ್ಲಿ ನಿಂತು ಮನೆಗೆ ಫೋನ್ ಮಾಡಿ ಮಾತಾಡುತ್ತಿದ್ದೆ. ಮಾತು ಮುಗಿಯುವುದನ್ನೇ ಕಾಯುತ್ತಿದ್ದವನು ಹತ್ತಿರ ಬಂದು "ಯಾವ ಊರ್ರಿ ನಿಮ್ದು?" ಅಂದ. ತಾನು ಹುಬ್ಬಳ್ಳಿ ಕಡೆಯವನಂತೆ. ಸೈಟಿಗೆ ಲೇಬರ್ ಸಪ್ಲೈ ಮಾಡ್ತಾನಂತೆ. ಊರು ಬಿಟ್ಟು ಊರಲ್ಲಿ ನಮ್ಮ ಭಾಷೆ ಕೇಳಿದರೆ ಮನಸ್ಸು ಸಡಿಲವಾಗುತ್ತದೆ, ಅಲ್ವಾ? ಚಹಾ ಕುಡಿಸಿದ. ಮೊಬೈಲಿನಲ್ಲಿ ಮೇಲಿನ ಸ್ಲ್ಯಾಬಿನಿಂದ ತೆಗೆದ ಫೋಟೋಗಳನ್ನು ತೋರಿಸಿದ. "ನಿಮ್ಮಂಥವರನ್ನ ಭಾಳ ಮಂದೀನ ಕರ್ಕೊಂಡು ಹೋಗೀನ್ರಿ, ಆಫೀಸಿಗೆ ಫೀ ಕಟ್ಟಿದ್ರ ಆತು" ಅಂದ. ದುಡ್ಡು ಯುಪಿಐ ಮೂಲಕ ಹೋಯಿತು. ಕೈಗೆ ಒಂದು ಚೀಟಿ, ತಲೆಗೆ ಒಂದು ಹಳದಿ ಹೆಲ್ಮೆಟ್ ಬಂತು.

ಆ ಚೀಟಿ ಹೇಗಿತ್ತು ಅಂತ ಹೇಳ್ತೀನಿ, ಗುರುತಿಟ್ಟುಕೊಳ್ಳಿ. ತೆಳು ಹಳದಿ ಕಾಗದ, ಬಿಲ್ ಬುಕ್ಕಿನಿಂದ ಹರಿದದ್ದು. ನೀಲಿ ಸೀಲಿನಲ್ಲಿ 'ವಿಸಿಟರ್' ಅಂತ ಮಾತ್ರ ಇತ್ತು. ಕಂಪನಿ ಹೆಸರಿಲ್ಲ, ಸೈಟಿನ ಹೆಸರಿಲ್ಲ. ತಾರೀಖಿನ ಒಂದು ಅಂಕಿಯನ್ನು ಪೆನ್ನಿನಿಂದ ತಿದ್ದಿ ದಪ್ಪ ಮಾಡಿದ್ದರು. ಕೆಳಗೆ ಗೀಚಿದ ಒಂದು ಸಹಿ. ಮುಖ್ಯ ಗೇಟಿನಲ್ಲಿ ಯಾರಿಗೂ ಅದನ್ನು ತೋರಿಸಲೇ ಇಲ್ಲ. ಹಿಂದಿನ ತಗಡಿನ ಬೇಲಿಯ ಹತ್ತಿರ, ಲಾರಿಗಳು ಹೋಗುವ ದಾರಿಯಲ್ಲಿ ಒಳಗೆ ಕರೆದುಕೊಂಡು ಹೋದ.

ಮೂರನೇ ಮಹಡಿಯ ಬಯಲು ಸ್ಲ್ಯಾಬಿನ ಮೇಲೆ ಬಿಟ್ಟು "ಐದು ನಿಮಿಷದಾಗ ಬಂದೆ" ಅಂತ ಹೋದವನು ಮತ್ತೆ ಕಾಣಲಿಲ್ಲ. ನಾನು ಕ್ಯಾಮೆರಾ ಎತ್ತಿದೆ. ಕಾಂಕ್ರೀಟ್ ಸುರಿಯೋಕೆ ಅಚ್ಚಾಗಿ ಹಾಕುವ ಸೆಂಟ್ರಿಂಗ್ ಪ್ಲೇಟುಗಳ ಕಟ್ಟೊಂದು ಹುಕ್ಕಿಗೆ ನೇತಾಡುತ್ತಾ ಬರುತ್ತಿತ್ತು. ವ್ಯೂಫೈಂಡರಿನಲ್ಲಿ ಅದು ದೂರ ಇದ್ದ ಹಾಗೆ ಕಾಣುತ್ತಿತ್ತು. ಸೀಟಿ ಊದಿದ ಸದ್ದು ಬಂತು. ಹಿಂದೆಯೇ ಯಾರೋ ತೋಳು ಹಿಡಿದು ಜಗ್ಗಿದರು. "ಏ ಸರ, ಅಲ್ಲಿ ನಿಂದರಬ್ಯಾಡ್ರಿ! ಮ್ಯಾಲ ಮಾಲ್ ಬರ್ಲಾಕತ್ತದ!" ಹಸಿರು ಜಾಕೆಟಿನ ಸಿಗ್ನಲ್‌ಮ್ಯಾನ್, ಯಾದಗಿರಿ ಕಡೆಯ ಹುಡುಗ. ಆಮೇಲೆ ತಲೆ ಎತ್ತಿ ನೋಡಿದೆ. ಪ್ಲೇಟುಗಳ ಅಂಚಿಗೆ ಅಂಟಿದ್ದ ಸಿಮೆಂಟ್ ಹೆಪ್ಪು ಉದುರುತ್ತಾ ನಾನು ನಿಂತಿದ್ದ ಜಾಗದಲ್ಲೇ ಪಟಪಟ ಬೀಳುತ್ತಿತ್ತು.

ಅವನು ಬೈದದ್ದರಲ್ಲಿ ತಪ್ಪೇನಿಲ್ಲ. ಮೇಲೆ ಕ್ಯಾಬಿನ್‌ನಲ್ಲಿ ಕೂತ ಆಪರೇಟರ್‌ಗೆ ಎಷ್ಟೋ ಸಲ ಮಾಲು ಇಳಿಯುವ ಜಾಗ ಕಾಣುವುದೇ ಇಲ್ಲ. ಕಟ್ಟಡವೇ ಅಡ್ಡ ಇರುತ್ತದೆ. ಕೆಳಗಿನ ಸಿಗ್ನಲ್‌ಮ್ಯಾನ್ ವಾಕಿಟಾಕಿಯಲ್ಲಿ ಹೇಳಿದ್ದೇ ಅವನಿಗೆ ಕಣ್ಣು. ಸಿಗ್ನಲ್‌ಮ್ಯಾನ್ ತನ್ನವರು ಯಾರ್ಯಾರು ಎಲ್ಲೆಲ್ಲಿ ಇದ್ದಾರೆ ಅಂತ ನೋಡಿ, ದಾರಿ ಖಾಲಿ ಅಂತ ಖಾತ್ರಿ ಮಾಡಿಕೊಂಡು ಮಾಲು ಇಳಿಸುತ್ತಾನೆ. ಕಂಬದ ಹಿಂದಿನಿಂದ ಬಂದ ಹೊಸಬ ಅವನ ಲೆಕ್ಕದಲ್ಲೇ ಇರಲ್ಲ. ಏನಾದರೂ ಆಗಿದ್ದರೆ ಆ ಹುಡುಗನ ಕೆಲಸ ಹೋಗುತ್ತಿತ್ತು, ಕೇಸೂ ಅವನ ಮೇಲೇ ಬೀಳುತ್ತಿತ್ತು. ದುಡ್ಡು ತಗೊಂಡವನು ಅಷ್ಟೊತ್ತಿಗೆ ಯಾವುದೋ ಲೋಕಲ್ ಹತ್ತಿ ಹೋಗಿರುತ್ತಿದ್ದ. ನನಗೆ ಸಿಟ್ಟು ಬರುವುದು ಇದಕ್ಕೇ.

ಸ್ವಲ್ಪ ಹೊತ್ತಿಗೆ ಸೆಕ್ಯೂರಿಟಿಯವರು ಬಂದರು. ಚೀಟಿ ನೋಡಿ ನಕ್ಕರು. ಗೇಟ್ ಪಕ್ಕದ ಕೋಣೆಯಲ್ಲಿ ಕೂರಿಸಿ ಹತ್ತು ಸಾವಿರ ದಂಡ ಕೇಳಿದರು, ಅದೂ ನಗದು. ಒಬ್ಬ ಕ್ಯಾಮೆರಾ ಕಿತ್ತುಕೊಂಡು ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟ. "ರಸೀದಿ ಕೊಡಿ, ಇಲ್ಲಾಂದ್ರೆ ಪೊಲೀಸರನ್ನೇ ಕರೀರಿ, ನಾನೂ 112ಕ್ಕೆ ಫೋನ್ ಮಾಡ್ತೀನಿ" ಅಂತ ಪಟ್ಟು ಹಿಡಿದೆ. ದಂಡದ ಮಾತು ಅಲ್ಲಿಗೇ ನಿಂತಿತು. ನಿಮಗೂ ಇಂಥ ಹೊತ್ತು ಬಂದರೆ ಜಗಳಕ್ಕೆ ಇಳಿಯಬೇಡಿ, ಆದರೆ ನಗದು ಮಾತ್ರ ಕೊಡಬೇಡಿ. ಹೊರಗೆ ಹೋಗಿ ಅನ್ನುವ ಹಕ್ಕು ಸೆಕ್ಯೂರಿಟಿಯವರಿಗೆ ಇದೆ. ಫೋಟೋ ಅಳಿಸುವ ಹಕ್ಕು, ದಂಡ ಹಾಕುವ ಹಕ್ಕು ಇಲ್ಲ. ಪೊಲೀಸರು ಕ್ಯಾಮೆರಾ ಜಪ್ತಿ ಮಾಡಿದರೂ ಪಂಚನಾಮೆ ಬರೆಯಬೇಕು.

ಕಾರ್ಡ್ ಫಾರ್ಮ್ಯಾಟ್ ಆದ ಕೂಡಲೇ ಅದನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಅದರಲ್ಲಿ ಮತ್ತೆ ಒಂದು ಫೋಟೋನೂ ತೆಗೆಯಬೇಡಿ. ಕ್ಯಾಮೆರಾದಲ್ಲಿ ಮಾಮೂಲಿಯಾಗಿ ಫಾರ್ಮ್ಯಾಟ್ ಮಾಡಿದರೆ ಸಾಮಾನ್ಯವಾಗಿ ಹೋಗುವುದು ಫೈಲುಗಳ ಪಟ್ಟಿ ಮಾತ್ರ, ಚಿತ್ರಗಳು ಅಲ್ಲೇ ಉಳಿದಿರುತ್ತವೆ. ಮೇಲೆ ಹೊಸದು ಬರೆದರೆ ಮಾತ್ರ ಹೋದವು ಅಂತ ಲೆಕ್ಕ. ಫೋಟೋರೆಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ, ಅದರಲ್ಲಿ ನನಗೆ ಒಂದಷ್ಟು ವಾಪಸ್ ಸಿಕ್ಕವು. ಒಳ್ಳೆಯವು ಸಿಗಲಿಲ್ಲ.

ನಿಜವಾದ ಪರ್ಮಿಷನ್ ಹೇಗಿರುತ್ತದೆ ಅಂತ ಆಮೇಲೆ ಸೈಟ್ ಇಂಜಿನಿಯರ್ ಆಗಿರುವ ಮಾಟುಂಗಾದ ಗೆಳೆಯರೊಬ್ಬರು ಹೇಳಿದರು. ಪ್ರಾಜೆಕ್ಟ್ ಆಫೀಸಿನಿಂದ ಕಂಪನಿ ಹೆಸರಿನಲ್ಲಿ ಪತ್ರ ಅಥವಾ ಇಮೇಲ್ ಬರುತ್ತದೆ. ಮುಖ್ಯ ಗೇಟಿನಲ್ಲಿ ರಿಜಿಸ್ಟರ್ ಬರೆಸುತ್ತಾರೆ. ಸೇಫ್ಟಿ ಆಫೀಸರ್ ಕೂರಿಸಿ ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಅಂತ ಹೇಳುತ್ತಾರೆ. ಹೆಲ್ಮೆಟ್, ಶೂ, ಜಾಕೆಟ್ ಕೊಡುತ್ತಾರೆ. ಕೊನೆವರೆಗೂ ಒಬ್ಬರು ಜೊತೆಗೇ ಇರುತ್ತಾರೆ. ಇಷ್ಟರಲ್ಲಿ ಒಂದು ಇಲ್ಲದಿದ್ದರೂ ಒಳಗೆ ಹೋಗಬೇಡಿ.

ಭಾನುವಾರ ಕ್ರೇನ್ ನಿಂತಿರುತ್ತೆ, ಆಗ ಸುಮ್ನೆ ಹೋಗಿ ಬರೋಣ ಅಂತಲೂ ಅಂದುಕೊಳ್ಳಬೇಡಿ. ಆಪರೇಟರ್ ಕೆಲಸ ಮುಗಿಸಿ ಇಳಿಯುವಾಗ ತಿರುಗುವ ಬ್ರೇಕನ್ನು ಬೇಕಂತಲೇ ಬಿಟ್ಟಿರುತ್ತಾನೆ. ಗಾಳಿ ಬೀಸಿದ ಕಡೆಗೆ ಜಿಬ್ ತಾನಾಗಿ ತಿರುಗಿಕೊಳ್ಳಲಿ, ಕ್ರೇನ್ ಮೇಲೆ ಒತ್ತಡ ಬೀಳದಿರಲಿ ಅಂತ ಹಾಗೆ ಮಾಡುತ್ತಾರೆ. ಕ್ಯಾಬಿನ್ ಖಾಲಿ ಇದ್ದರೂ ಜಿಬ್ ತಿರುಗುತ್ತಿರುತ್ತದೆ. ಇನ್ನು ಬೇಲಿಯ ಹೊರಗಿನ ಫುಟ್‌ಪಾತ್ ಕೂಡ ಕ್ಷೇಮ ಅಂತ ನಂಬುವ ಹಾಗಿಲ್ಲ. 2023ರ ಫೆಬ್ರವರಿಯಲ್ಲಿ ವರ್ಲಿಯಲ್ಲಿ ಕಟ್ಟುತ್ತಿದ್ದ ಕಟ್ಟಡದ ಮೇಲಿಂದ ಕಲ್ಲು ಬಿದ್ದು ಕೆಳಗಿದ್ದ ಇಬ್ಬರು ಸತ್ತರು.

ಹತ್ತಿರ ಹೋಗದೆಯೂ ಒಳ್ಳೆಯ ಚಿತ್ರ ಸಿಗುತ್ತದೆ. ದಾದರ್ ಚೌಪಾಟಿ ಕಡೆಯಿಂದ, ಇಲ್ಲವೇ ಬಾಂದ್ರಾ ರೆಕ್ಲಮೇಶನ್‌ನಿಂದ ನೋಡಿದರೆ ನೀರಿನ ಆಚೆ ವರ್ಲಿ, ಪ್ರಭಾದೇವಿಯ ಕ್ರೇನ್‌ಗಳು ಸಾಲಾಗಿ ಕಾಣುತ್ತವೆ. 300 ಎಂಎಂ ಲೆನ್ಸ್ ಇದ್ದರೆ ಧಾರಾಳ ಆಯಿತು. ಮಳೆ ಬಂದು ಬಿಟ್ಟ ಮರುದಿನ ಹೋಗಿ, ಧೂಳು ಇಳಿದಿರುತ್ತದೆ. ಡ್ರೋನ್ ಹಾರಿಸುವ ಯೋಚನೆ ಬೇಡ. ಒಂದು ಕಡೆ ವಿಮಾನ ನಿಲ್ದಾಣ, ಇನ್ನೊಂದು ಕಡೆ ನೌಕಾಪಡೆ ಇರುವ ಊರು ಇದು, ಆ ಕೇಸೇ ಬೇರೆ.

ನಾನು ಪೊಲೀಸ್ ಠಾಣೆಗೆ ಲಿಖಿತ ದೂರು ಕೊಟ್ಟಿದ್ದೇನೆ. ಚೀಟಿಯ ಫೋಟೋ, ಯುಪಿಐ ಸಂದೇಶ ಎರಡೂ ಜೊತೆಗಿಟ್ಟಿದ್ದೇನೆ. ಅವನ ಫೋನ್ ಅವತ್ತಿನಿಂದ ಸ್ವಿಚ್ ಆಫ್. ನಿಮ್ಮಲ್ಲಿ ಯಾರಿಗಾದರೂ ಇವನು ಸಿಕ್ಕಿದ್ದರೆ, ದುಡ್ಡು ಚಿಕ್ಕದು ಬಿಡು ಅಂತ ಸುಮ್ಮನಾಗಬೇಡಿ, ನೀವೂ ಬರೆದು ಕೊಡಿ. ಒಬ್ಬನ ದೂರನ್ನು ಫೈಲಿಗೆ ಹಾಕಿ ಮರೆಯಬಹುದು. ನಾಲ್ಕು ಜನ ಒಂದೇ ಚೀಟಿ ಹಿಡಿದು ಹೋದರೆ ಅವರೂ ವಿಚಾರಿಸಲೇಬೇಕಾಗುತ್ತದೆ.