‘ಹಾರ್ಡ್’ ಪದಕ್ಕೆ ಲಿಥುವೇನಿಯನ್ ಅರ್ಥ: ಉಚಿತ ಆನ್‌ಲೈನ್ ನಿಘಂಟುಗಳನ್ನು ಎಷ್ಟು ನೆಚ್ಚಬಹುದು?

ಇಂಗ್ಲಿಷ್–ಲಿಥುವೇನಿಯನ್ ನಿಘಂಟಿನ ಯೋಗ್ಯತೆ ಗೊತ್ತಾಗಬೇಕಾದರೆ ‘ಹಾರ್ಡ್’ ಅಂತ ಹುಡುಕಿ ನೋಡಿ. ಬಿಟ್ಟಿ ಸಿಗುವ ಹಲವು ನಿಘಂಟುಗಳು ‘ಕಿಯೆತಸ್, ಸುಂಕುಸ್’ ಅಂತ ಅಲ್ಪವಿರಾಮ ಹಾಕಿ ಸಾಲಾಗಿ ಸುರಿದು ಸುಮ್ಮನಾಗುತ್ತವೆ. ಯಾವುದು ಎಲ್ಲಿಗೆ ಅನ್ನೋದು ಬಳಸುವವರ ಹಣೆಬರಹ.

ಕನ್ನಡ ಬಲ್ಲವರಿಗೆ ಇದು ಅಂಥ ಗೋಜಲೇನಲ್ಲ, ನಮ್ಮಲ್ಲೂ ‘ಗಟ್ಟಿ’ ಬೇರೆ, ‘ಕಷ್ಟ’ ಬೇರೆ. ಕಿಯೆತಸ್ ಅಂದರೆ ಮುಟ್ಟಿದರೆ ಗಟ್ಟಿ: ಕಲ್ಲು, ಒಣಗಿದ ಬ್ರೆಡ್. ಗಡಸು ನೀರಿಗೂ ಅದೇ, ಕಿಯೆತಸ್ ವಂದುವೊ. ಸುಂಕುಸ್ ಅಂದರೆ ಕಷ್ಟ, ಜೊತೆಗೆ ಭಾರ. ಕಷ್ಟದ ಪ್ರಶ್ನೆ ಸುಂಕುಸ್ ಕ್ಲೌಸಿಮಸ್. ಭಾರದ ಚೀಲಕ್ಕೂ ಸುಂಕುಸ್ಸೇ. ‘ಹಾರ್ಡ್ ವರ್ಕ್’ಗೆ ಕಿಯೆತಸ್ ದರ್ಬಸ್ ಅಂದರೆ ಕೆಲಸವನ್ನು ಕೈಯಲ್ಲಿ ಒತ್ತಿ ನೋಡಿದಂತಾಗುತ್ತದೆ, ಸರಿಯಾದದ್ದು ಸುಂಕುಸ್ ದರ್ಬಸ್. ಆಡುಮಾತಿನಲ್ಲಿ ಮನುಷ್ಯನಿಗೆ ಕಿಯೆತಸ್ ಅಂದರೆ ‘ಭಾರಿ ಆಸಾಮಿ’ ಅನ್ನೋ ಮೆಚ್ಚುಗೆಯೂ ಇದೆ. ಇದನ್ನು ಕೊಡದ ನಿಘಂಟು ಹಳತಾಗಿದೆ ಅಂತಲೇ ಲೆಕ್ಕ.

ದೊಡ್ಡ ತಪ್ಪು ಆಗೋದು ಬೇರೆ ಕಡೆ. ಲಿಥುವೇನಿಯನ್ ಗುಣವಾಚಕ ನಾಮಪದದ ಲಿಂಗ, ವಚನ, ವಿಭಕ್ತಿ ಮೂರಕ್ಕೂ ಹೊಂದಿಕೊಳ್ಳಬೇಕು. ಕನ್ನಡದಲ್ಲಿ ‘ಕಷ್ಟದ’ ಅಂತ ಒಂದೇ ರೂಪ ಸಾಕಾಗುವ ಕಡೆ ಅಲ್ಲಿ ಸುಂಕುಸ್ ದರ್ಬಸ್, ಆದರೆ ಸುಂಕಿ ದಿಯೆನ, ಯಾಕೆಂದರೆ ದಿನ ಅಲ್ಲಿ ಸ್ತ್ರೀಲಿಂಗ. ಇವೆರಡರ ಜೊತೆ ನಪುಂಸಕ ರೂಪವೊಂದಿದೆ: ಸುಂಕು. ‘ಹೇಳೋದು ಕಷ್ಟ’ ಅನ್ನೋ ಥರದ, ಕರ್ತೃವಿಲ್ಲದ ವಾಕ್ಯಕ್ಕೆ ಇದೇ ಬೇಕು: ಸುಂಕು ಪಸಕೀತಿ. ಬರೀ ಸುಂಕುಸ್ ಕೊಟ್ಟ ನಿಘಂಟನ್ನು ನಂಬಿದವರು ‘ಸುಂಕುಸ್ ಪಸಕೀತಿ’ ಅಂತ ಬರೆದು ಸಿಕ್ಕಿಬೀಳುತ್ತಾರೆ. ಸುಂಕು ರೂಪವನ್ನು ಉದಾಹರಣೆ ಸಮೇತ ತೋರಿಸದ ನಿಘಂಟಿಗೆ ನಮ್ಮಿಂದ ಅರ್ಧ ಅಂಕ ಕಡಿತ.

ಪದಗುಚ್ಛಗಳನ್ನು ಇಡಿಯಾಗಿಯೇ ಹುಡುಕಿ. ಹಾರ್ಡ್ ಡಿಸ್ಕ್‌ಗೆ ಕಿಯೆತಸಿಸ್ ದಿಸ್ಕಸ್, ಸ್ತಂದುಸಿಸ್ ದಿಸ್ಕಸ್ ಎರಡೂ ಬಳಕೆಯಲ್ಲಿವೆ. ಕಿಯೆತಸ್‌ಗೆ ಕೊನೆಯಲ್ಲಿ ಸೇರಿದ ‘ಇಸ್’ ನಿರ್ದಿಷ್ಟ ರೂಪದ ಗುರುತು, ಅಚ್ಚಿನ ತಪ್ಪಲ್ಲ. ‘ಹಾರ್ಡ್‌ಲಿ’ಗಂತೂ ಈ ಎರಡು ಪದಗಳ ಸಂಬಂಧವೇ ಇಲ್ಲ, ಅದು ವೋಸ್.

ಪದದ ಯಾವ ಭಾಗವನ್ನು ಒತ್ತಿ ಹೇಳಬೇಕು ಅಂತ ತೋರಿಸುವ ಗುರುತು ಇರುವ ನಿಘಂಟು ಸಿಕ್ಕರೆ ಬಿಡಬೇಡಿ. ಕಿಯೆತಸ್‌ನಲ್ಲಿ ಒತ್ತು ಮೊದಲಿಗೆ ಬೀಳುತ್ತದೆ, ಸ್ತ್ರೀಲಿಂಗದ ಕಿಯೆತದಲ್ಲಿ ಕೊನೆಗೆ ಜಾರುತ್ತದೆ. ಮಾಮೂಲಿ ಬರಹದಲ್ಲಿ ಒತ್ತನ್ನು ತೋರಿಸೋದಿಲ್ಲವಾದ್ದರಿಂದ ಬೇರೆಲ್ಲೂ ಇದು ಕಣ್ಣಿಗೆ ಬೀಳೋದು ಅಪರೂಪ.

ಕೊನೆಗೆ ಸಿಕ್ಕ ಪದವನ್ನು ಲಿಥುವೇನಿಯನ್–ಇಂಗ್ಲಿಷ್ ಕಡೆಯಿಂದ ಒಮ್ಮೆ ತಿರುಗಿಸಿ ನೋಡಿ. ಸುಂಕುಸ್‌ಗೆ ಮೊದಲು ‘ಹೆವಿ’ ಬಂದರೆ ಗಾಬರಿ ಬೇಡ, ನಿಘಂಟು ಸರಿಯಾಗಿಯೇ ಇದೆ. ‘ಹೆವಿ’ ಬರದೇ ಹೋದರೆ ಬೇರೆ ನಿಘಂಟು ನೋಡಿಕೊಳ್ಳಿ.