ಸಾತೊಡ್ಡಿಗೆ ಹೋಗ್ತೀರಾ? ಮಳೆಗಾಲ ಮುಗೀತು ಅಂದ್ಕೋಬೇಡಿ

ಹೋದ ಭಾನುವಾರ ಸಾತೊಡ್ಡಿ ಜಲಪಾತದಲ್ಲಿ ನನ್ನ ಗಂಡ ಮತ್ತು ಅಣ್ಣನ ಮಗ ಮೂರು ತಾಸು ಒಂದು ಬಂಡೆಯ ಮೇಲೆ ಸಿಕ್ಕಿಹಾಕಿಕೊಂಡಿದ್ದರು. ಇಬ್ಬರೂ ಮನೆಗೆ ಬಂದಿದ್ದಾರೆ. ಹುಡುಗನ ಭುಜ ಕಳಚಿತ್ತು, ಈಗ ಕೈಗೆ ಪಟ್ಟಿ ಕಟ್ಟಿದ್ದಾರೆ. ತಪ್ಪು ಪೂರ್ತಿ ನಮ್ಮದೇ, ಬೇರೆ ಯಾರದ್ದೂ ಅಲ್ಲ.

ಹುಬ್ಬಳ್ಳಿಯವರಿಗೆ ಸಾತೊಡ್ಡಿ ಹೊಸದೇನಲ್ಲ. ಯಲ್ಲಾಪುರದಿಂದ ಸುಮಾರು 30 ಕಿಲೋಮೀಟರ್. ಗಾಡಿ ನಿಲ್ಲಿಸಿ ಕಾಡಿನ ದಾರಿಯಲ್ಲಿ ನಡೆಯಬೇಕು. ಪಕ್ಕದಲ್ಲೇ ಕೊಡಸಳ್ಳಿ ಡ್ಯಾಮಿನ ಹಿನ್ನೀರು ಮರಗಳ ನಡುವೆ ಇಣುಕುತ್ತಾ ಇರುತ್ತದೆ. ಆ ನಡಿಗೆಯೇ ಅರ್ಧ ಸುಖ. ಜಲಪಾತ ಜೋಗದ ಹಾಗೆ ಹೆದರಿಸುವಂಥದ್ದಲ್ಲ. ಎತ್ತರ 15 ಮೀಟರ್ ಆಸುಪಾಸು, ಅಗಲಕ್ಕೆ ಹರಡಿಕೊಂಡು ಬೀಳುತ್ತದೆ, ಕೆಳಗೊಂದು ಗುಂಡಿ. ನೋಡಿದರೆ 'ಬಾ, ಇಳಿ' ಅಂದ ಹಾಗೇ ಇರುತ್ತದೆ. ನಮ್ಮನ್ನು ಹಾಳು ಮಾಡಿದ್ದೂ ಅದೇ.

ಮಳೆಗಾಲದಲ್ಲಿ ಹೋಗಬಾರದು ಅಂತ ನಮಗೆ ಗೊತ್ತಿತ್ತು. ಜೂನ್, ಜುಲೈ ಬಿಟ್ಟು, ದಸರಾ ಕಳೆದ ಮೇಲೆ ಬಿಸಿಲು ನೋಡಿಕೊಂಡೇ ಹೊರಟೆವು. ಟಿಕೆಟ್ ಕೊಡುವವರು ಚಿಲ್ಲರೆ ಎಣಿಸುತ್ತಲೇ ಹೇಳಿದರು, "ಅಕ್ಕಾ, ಮೇಲೆ ಗುಡ್ಡದ ಕಡೆ ಕಪ್ಪಾಗ್ತಾ ಉಂಟು. ಊಟ ಮಾಡಿ ಬಂದ್ಬಿಡಿ, ನೀರಿಗೆ ಇಳಿಬೇಡಿ. ಇದು ಚಿತ್ತೆ ಮಳೆ, ಕುರುಡು." ನಾನು ತಲೆ ಎತ್ತಿ ನೋಡಿದೆ. ನಮ್ಮ ತಲೆಯ ಮೇಲೆ ನೀಲಿ ಆಕಾಶ. "ಆಯ್ತಣ್ಣಾ" ಅಂದು ಮುಂದೆ ಹೋದೆ.

ಚಿತ್ತೆ ಕುರುಡು ಅನ್ನೋದನ್ನ ಅಜ್ಜಿಯ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಈ ಊರಿಗೆ ಹೊಡೆದರೆ ಪಕ್ಕದ ಊರಿಗೆ ಹನಿಯೂ ಇಲ್ಲ. ಹೊಲದ ಮಾತು ಅಂದುಕೊಂಡಿದ್ದೆ. ಹಳ್ಳಕ್ಕೆ ಅದರ ಅರ್ಥ ಏನು ಅಂತ ಯೋಚಿಸಿರಲಿಲ್ಲ. ಸಾತೊಡ್ಡಿಗೆ ನೀರು ಬರುವುದು ಮೇಲಿನ ಕಾಡಿನ ಸಣ್ಣ ಸಣ್ಣ ಹಳ್ಳಗಳಿಂದ. ಅಲ್ಲೆಲ್ಲೋ ಅರ್ಧ ತಾಸು ಜೋರು ಮಳೆ ಬಿದ್ದರೆ ಸಾಕು, ಇಳಿಜಾರಿನಲ್ಲಿ ಎಲ್ಲವೂ ಓಡಿ ಬಂದು ಒಂದೇ ಕಡೆ ಸೇರುತ್ತದೆ. ನಾವು ಬಿಸಿಲಲ್ಲಿ ಕೂತಿರುತ್ತೇವೆ.

ಅತ್ತಿಗೆಗೆ ಮೊಣಕಾಲು ನೋವು, ಅವರು ಈಚೆ ದಡದಲ್ಲೇ ಕೂತರು. ಗಂಡಸರಿಬ್ಬರೂ ಹಳ್ಳ ದಾಟಿ ಆಚೆಯ ದೊಡ್ಡ ಬಂಡೆಗೆ ಹೋದರು. ಏಳೆಂಟು ಹೆಜ್ಜೆ, ನೀರು ಮೊಣಕಾಲಿಗೂ ಇರಲಿಲ್ಲ. ಊಟದ ಡಬ್ಬಿ ನಾನೇ ಕೊಟ್ಟು ಬಂದೆ. ಹುಡುಗ ಊರಲ್ಲಿ ದಿನಾ ಈಜುವವನು. ಜಲಪಾತದ ಬುಡಕ್ಕೆ ಹೋಗಿ, "ಅತ್ತೇ, ಇಲ್ಲಿ ಕೈ ಹೊಡೆದರೂ ಮೇಲೆ ಏಳೋಕೇ ಆಗಲ್ಲ" ಅಂತ ನಗುತ್ತಾ ಬಂದ. ಬೀಳುವ ನೀರಿನಲ್ಲಿ ಗಾಳಿ ತುಂಬಿ ನೊರೆಯಾಗಿರುತ್ತದೆ, ಅದು ಮೈಯನ್ನು ಎತ್ತಿ ಹಿಡಿಯುವುದಿಲ್ಲ. ಈಜುಕೊಳದ ಈಜು ಅಲ್ಲಿ ಸಾಲದು. ಆಗ ನಾನೂ ನಕ್ಕೆ.

ಮೊದಲು ಬಂದದ್ದು ನೀರಲ್ಲ, ಕಸ. ಒಣಗಿದ ಎಲೆ, ಕಡ್ಡಿ, ಒಂದು ಅಡಿಕೆ ಹಾಳೆ ತೇಲಿ ಬಂತು. ಆಮೇಲೆ ನೊರೆ ಚಹಾದ ಬಣ್ಣಕ್ಕೆ ತಿರುಗಿತು. ಬಂಡೆಯ ಬುಡದಲ್ಲಿ ಎರಡು ಗೇಣು ಒಣಗಿದ ಕಲ್ಲು ಕಾಣುತ್ತಿತ್ತು. ಅತ್ತಿಗೆಗೆ ರೊಟ್ಟಿ ಬಡಿಸಿ, ಶೇಂಗಾ ಚಟ್ನಿ ಹಾಕಿ ತಲೆ ಎತ್ತುವಷ್ಟರಲ್ಲಿ ಆ ಕಲ್ಲು ಇಲ್ಲ. ಸದ್ದೂ ಬದಲಾಗಿತ್ತು. ಇಷ್ಟು ಹೊತ್ತು ಸುರಿಯುತ್ತಿದ್ದದ್ದು ಈಗ ಗುಡುಗುಡು ಅನ್ನುತ್ತಿತ್ತು. ಅವರು ದಾಟಿದ್ದ ಜಾಗದಲ್ಲಿ ಸೊಂಟದುದ್ದ ಕೆಂಪು ನೀರು.

ಹುಡುಗ ತಾನು ದಾಟಬಲ್ಲೆ ಅಂದುಕೊಂಡ. ಎರಡನೇ ಹೆಜ್ಜೆಗೇ ಪಾಚಿಯ ಮೇಲೆ ಕಾಲು ಜಾರಿತು. ಒಂದು ಬೇರು ಕೈಗೆ ಸಿಕ್ಕಿತು, ಮೈ ಒಂದು ಕಡೆ ಎಳೆಯಿತು, ಭುಜ ಇನ್ನೊಂದು ಕಡೆ. ಅವನು ಕೂಗಿದ್ದು ನನಗೆ ಕೇಳಲಿಲ್ಲ, ಬಾಯಿ ತೆರೆದದ್ದಷ್ಟೇ ಕಂಡಿತು. ನನ್ನ ಗಂಡ ಶರ್ಟು ಹಿಡಿದು ಎಳೆದುಕೊಂಡರು. ಒಂದು ಘನ ಮೀಟರ್ ನೀರು ಅಂದರೆ ಸಾವಿರ ಕಿಲೋ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು ಅಲ್ವಾ? ಆ ತೂಕ ಓಡುತ್ತಾ ಬಂದು ಕಾಲಿಗೆ ಗುದ್ದುತ್ತದೆ.

112ಕ್ಕೆ ಫೋನ್ ಮಾಡೋಣ ಅಂದರೆ ನಮ್ಮಿಬ್ಬರ ಫೋನಿಗೂ ನೆಟ್‌ವರ್ಕ್ ಇಲ್ಲ. ನಾನು ಗೇಟಿನ ಕಡೆ ಓಡಿದೆ. ಟಿಕೆಟ್ ಕೊಟ್ಟವರೇ ಇನ್ನಿಬ್ಬರನ್ನು ಕರೆದುಕೊಂಡು ಬಂದರು, ತೋಟದಲ್ಲಿ ಅಡಿಕೆ ಕೊನೆ ಇಳಿಸುವ ಹಗ್ಗ ಹೊತ್ತುಕೊಂಡು. ಬಂದವರೇ ಹಗ್ಗ ಎಸೆಯುತ್ತಾರೆ ಅಂದುಕೊಂಡೆ. ಇಲ್ಲ. ಅದನ್ನು ನೆಲಕ್ಕಿಟ್ಟು, ಆಚೆಯವರಿಗೆ ಎರಡೂ ಕೈಯಲ್ಲಿ 'ಮೇಲೆ ಹೋಗಿ, ಮೇಲೆ ಹೋಗಿ' ಅಂತ ಸನ್ನೆ ಮಾಡಿದರು. "ಏರಿದ ಹಾಗೇ ಇಳಿತದೆ ಅಕ್ಕಾ. ಈಗ ಆಸೆ ತೋರಿಸಿದ್ರೆ ಅವ್ರು ಇಳಿದ್ಬಿಡ್ತಾರೆ." ಆ ಮೂರು ತಾಸು ನಾನು ಅವರನ್ನು ಮನಸ್ಸಿನಲ್ಲೇ ಬೈದೆ. ಸಂಜೆ ನೀರು ತೊಡೆಗೆ ಇಳಿದ ಮೇಲೆ ಹಗ್ಗ ಕಟ್ಟಿ ಒಬ್ಬೊಬ್ಬರನ್ನೇ ಕರೆತಂದರು. ಹಣ ಕೊಡಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡರು.

2024ರ ಜೂನ್ 30ರಂದು ಲೋಣಾವಳದ ಭುಶಿ ಡ್ಯಾಮ್ ಹತ್ತಿರ ಒಂದೇ ಕುಟುಂಬದ ಐವರು ಕೊಚ್ಚಿಹೋದರಲ್ಲ, ಏರುವ ನೀರಿನ ನಡುವೆ ಒಬ್ಬರನ್ನೊಬ್ಬರು ತಬ್ಬಿ ನಿಂತಿದ್ದ ಆ ವಿಡಿಯೋ ನಾವು ನಾಲ್ವರೂ ನೋಡಿದ್ದೆವು. "ಅಷ್ಟೂ ತಿಳಿಯಲ್ವಾ ಇವರಿಗೆ?" ಅಂದದ್ದು ನಾನೇ.

ಅಕ್ಟೋಬರಿನಲ್ಲಿ ಘಟ್ಟದ ಕಡೆ ಹೋಗುವವರು ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದೊಳಗೆ ನೀರಿನಿಂದ ದೂರ ಬನ್ನಿ. ಗುಡುಗು ಮಳೆ ಜಾಸ್ತಿ ಬರುವುದು ಮಧ್ಯಾಹ್ನದ ಮೇಲೇ. ಊಟಕ್ಕೆ ಕೂರುವುದಾದರೆ ಗಾಡಿ ನಿಲ್ಲಿಸಿದ ದಡದಲ್ಲೇ ಕೂರಿ, ಹಳ್ಳ ದಾಟಬೇಡಿ. ಎಲೆ ಕಡ್ಡಿ ತೇಲಿ ಬಂದರೆ, ನೀರಿನ ಬಣ್ಣ ಕೆಟ್ಟರೆ ಡಬ್ಬಿ ಚಪ್ಪಲಿ ಬಿಟ್ಟು ಏಳಿ. ನಮ್ಮ ಮೂರು ಅಂತಸ್ತಿನ ಸ್ಟೀಲ್ ಡಬ್ಬಿ ಹಿನ್ನೀರು ಸೇರಿತು, ಹೋಗಲಿ.

ಊಟಕ್ಕೆ ಮುಂಚೆ ತೆಗೆದ ಫೋಟೋವನ್ನು ಹುಡುಗ ಆಸ್ಪತ್ರೆಯಲ್ಲಿ ಕೂತೇ ಸ್ಟೇಟಸ್‌ಗೆ ಹಾಕಿದ್ದಾನೆ. ಅವನ ಬೆನ್ನ ಹಿಂದೆ ನೊರೆ ಆಗಲೇ ಕಂದು ಬಣ್ಣಕ್ಕೆ ತಿರುಗಿದೆ, ದೊಡ್ಡದು ಮಾಡಿ ನೋಡಿದರೆ ಆ ಅಡಿಕೆ ಹಾಳೆಯೂ ಇದೆ. ಕೆಳಗೆ ಗೆಳೆಯರದ್ದು, "ಸೂಪರ್ ಜಾಗ, ಲೊಕೇಶನ್ ಕಳಿಸು." ಇಬ್ಬರು ಈ ಭಾನುವಾರವೇ ಹೊರಟಿದ್ದಾರಂತೆ. ಅವರ ನಂಬರ್ ಈಸಿಕೊಂಡಿದ್ದೇನೆ, ಈಗ ಫೋನ್ ಮಾಡಬೇಕು.